ಬಾಯಿಲ್ಲದಾಕಿಗೆ ಪ್ರಶಸ್ತಿ

ನಮ್ಮ ಊರಿನಲ್ಲಿ ಪ್ರಶಸ್ತಿಯೆಂದರೆ ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು, ಫೋಟೋ ತೆಗೆಸಿಕೊಂಡು ಮುಗಿಯುವ ಮಾತಲ್ಲ. ಗೆದ್ದವರು ಮನೆಗೆ ಹೋಗುತ್ತಾರೆ, ಸರಿ. ಆದರೆ ಅವರು ಹುಟ್ಟಿಸಿದ ಪಾತ್ರ ಊರಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷದ ಸಮಾರಂಭದವರೆಗೆ ಅದು ನಮ್ಮ ನಡುವೆ ಓಡಾಡಿಕೊಂಡಿರುತ್ತದೆ. ಬಸ್ಸಿನಲ್ಲಿ ಸೀಟು ಬಿಡಬೇಕು, ಸಂತೆಯಲ್ಲಿ ದಾರಿ ಬಿಡಬೇಕು.

ಪ್ರಶಸ್ತಿ ಮೂರು: ಹೆದರಿಕೆಯ ಕಥೆಗೊಂದು, ಬೆರಗಿನ ಕಥೆಗೊಂದು, ಚಿತ್ರಕಥೆಗೊಂದು. ವೇದಿಕೆಯಿಂದ ಪಾತ್ರದ ಹೆಸರು ಕೂಗಬೇಕು, ಸಭೆ ‘ಬಾ’ ಎನ್ನಬೇಕು. ಎಡಗಡೆಯ ಪರದೆ ಸರಿಸಿಕೊಂಡು ಅದು ಬರುತ್ತದೆ. ಹಿಂದಿನ ವರ್ಷದ್ದು ಅದೇ ಪರದೆ ಹೊಕ್ಕು ಹೊರಟುಹೋಗುತ್ತದೆ. ಹಳೆಯದರ ಹೆಸರನ್ನೇ ಮತ್ತೆ ಕೂಗಿದರೆ ಅದು ಹೋಗದೆ ನಿಲ್ಲುತ್ತದೆ. ಪುರಭವನದ ಮೈಕ್ ಸೆಟ್ ನನ್ನದೇ ಆದ್ದರಿಂದ ಬಂದವರನ್ನೂ ಹೋದವರನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಹೀಗಾಗಿ ಊರಿನವರಿಗೆ ಎಂಥೆಂಥವರ ಜೊತೆಗೋ ಬಾಳಿ ರೂಢಿಯಾಗಿದೆ. ತಲೆಯಿಲ್ಲದ ಡೊಳ್ಳಿನವನೊಬ್ಬ ಬಹಳ ವರ್ಷ ಇದ್ದ. ಮದುವೆಗಳಿಗೆ ಅವನನ್ನೇ ಕರೆಸುತ್ತಿದ್ದೆವು. ಪಂಕ್ತಿಯಲ್ಲಿ ಅವನ ಮುಂದೆ ನಿಂತು ‘ಇನ್ನಷ್ಟು ಬೇಕೇ’ ಎಂದು ಯಾವ ಕಡೆ ನೋಡಿ ಕೇಳುವುದೆಂದು ತಿಳಿಯದೆ ಬಡಿಸುವವರು ಒದ್ದಾಡುತ್ತಿದ್ದರು. ಚಿತ್ರಕಥೆಯಿಂದ ಬಂದ ಕೆಂಪು ಶಲ್ಯದ ಶೂರನೊಬ್ಬ ಮೊದಮೊದಲು ಚರಂಡಿಗಿಳಿದ ಲಾರಿಗಳನ್ನು ಎತ್ತಿ ಕೊಟ್ಟ. ಆಮೇಲೆ ಜನ ಮನೆ ಬದಲಿಸುವಾಗ ಕಬ್ಬಿಣದ ಕಪಾಟು ಎತ್ತಲಿಕ್ಕೂ ಅವನನ್ನೇ ಕರೆಯತೊಡಗಿದರು. ಸೊಂಟ ಹಿಡಿದುಕೊಂಡು, ಉಳಿದ ದಿನಗಳನ್ನು ಅವನು ಕ್ಷೌರದಂಗಡಿಯ ಬೆಂಚಿನ ಮೇಲೆ ಪೇಪರ್ ಓದುತ್ತ ಕಳೆದ. ರೆಕ್ಕೆಯ ಕುದುರೆ ಇದ್ದ ವರ್ಷ ಹೆಂಗಸರು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವುದನ್ನೇ ಬಿಟ್ಟಿದ್ದರು. ಮೇಲಿನಿಂದ ಯಾವಾಗ ಏನು ಬೀಳುತ್ತದೆಂದು ಹೇಳಲು ಬರುತ್ತಿರಲಿಲ್ಲ.

ಈಗ ಚಂಪಕ್ಕನ ವಿಷಯಕ್ಕೆ ಬರುತ್ತೇನೆ.

ಚಂಪಕ್ಕ ಅಂಗಡಿಗಳಿಗೆ ಬೋರ್ಡು ಬರೆಯುವವಳು. ಪೇಟೆಯ ಅರ್ಧ ಅಕ್ಷರಗಳು ಅವಳ ಕೈಯವು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ “ಬಣ್ಣ ಒಣಗ್ಲಿ ಅಂತ ಕಾಯ್ಲಿಕತ್ತೇನ್ರಿ” ಎನ್ನುತ್ತಿದ್ದಳು. ಊರಿನ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಅವಳದೊಂದು ಚಿತ್ರಕಥೆ ಬರುತ್ತಿತ್ತು. ಹೆಸರು ‘ಬಾಯಿಲ್ಲದಾಕಿ’. ಬೂದಿ ಬಣ್ಣದ ಸೀರೆಯುಟ್ಟ ಎತ್ತರದ ಹೆಂಗಸು, ನೆಲ ಗುಡಿಸುವಷ್ಟು ಉದ್ದದ ಜಡೆ, ಮೂಗಿನ ಕೆಳಗೆ ಗಾರೆ ಬಳಿದ ಗೋಡೆಯ ಹಾಗೆ ಬರೀ ನುಣುಪು. ಅವಳು ಯಾರನ್ನೂ ಹೊಡೆಯುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ನಿಂತು ನೋಡುತ್ತಾಳೆ. ಹಾಗೆ ನೋಡಿಸಿಕೊಂಡವನಿಗೆ, ತಾನು ಇನ್ನೊಬ್ಬರಿಗೆ ಆಡಿದ ಮಾತು ತನ್ನ ಕಿವಿಯಲ್ಲಿ ಕೇಳಿಸತೊಡಗುತ್ತದೆ. ತಾನು ಆಡಿದ ಹಾಗಲ್ಲ, ಅನ್ನಿಸಿಕೊಂಡವರಿಗೆ ಕೇಳಿಸಿದ ಹಾಗೆ.

ಹೋದ ವರ್ಷ ಹೆದರಿಕೆ ವಿಭಾಗದಲ್ಲಿ ಈ ಬಾಯಿಲ್ಲದಾಕಿಯೇ ಗೆದ್ದಳು. ಪರದೆ ಸರಿಸಿಕೊಂಡು ಬಂದಾಗ ಮುಂದಿನ ಸಾಲಿನ ಇಬ್ಬರು ಕುರ್ಚಿ ಬಿಟ್ಟು ಎದ್ದು ಓಡಿದರು. ಚಂಪಕ್ಕ ಮಾತ್ರ ವೇದಿಕೆ ಹತ್ತಿ ಅವಳ ಜಡೆಯ ತುದಿಯನ್ನು ನೆಲದಿಂದ ಎತ್ತಿ, ಧೂಳು ಝಾಡಿಸಿ, “ಬಾರವಾ, ಮನಿಗೆ ಹೋಗೂಣು” ಎಂದಳು.

ಮೊದಲ ದಿನಗಳಲ್ಲಿ ಊರು ಬಾಗಿಲು ಹಾಕಿಕೊಂಡಿತು. ಸೊಸೆಯರನ್ನು ಗದರುತ್ತಿದ್ದ ಅತ್ತೆಯರು ಆ ಕಡೆಯ ಬೀದಿಯನ್ನೇ ಬಿಟ್ಟರು. ಶಾಲೆಯ ಮಾಸ್ತರರೊಬ್ಬರು ಮೈಯಲ್ಲಿ ಹುಷಾರಿಲ್ಲವೆಂದು ರಜೆ ಹಾಕಿದರು. ಆದರೆ ಎಷ್ಟು ದಿನವೆಂದು ಹೆದರುತ್ತ ಕೂಡುವುದು? ಮಕ್ಕಳು ಮೊದಲು ಹತ್ತಿರ ಹೋದವು, ಆಮೇಲೆ ಹೂವಿನವಳು. ಉದ್ದ ಜಡೆ ನೋಡಿ ಯಾರೋ ಜಡೆವ್ವ ಎಂದರು, ಅದೇ ನಿಂತಿತು. ಚಂಪಕ್ಕನ ಮನೆಯಲ್ಲಿ ಅವಳು ಕುಂಚ ತೊಳೆದಿಡುತ್ತಿದ್ದಳು, ಏಣಿ ಹಿಡಿಯುತ್ತಿದ್ದಳು. ಉಣ್ಣಲು ಬಾಯಿಲ್ಲವಲ್ಲ, ಊಟದ ಹೊತ್ತಿಗೆ ಚಂಪಕ್ಕ ಬಿಸಿ ಸಾರಿನ ಬಟ್ಟಲನ್ನು ಅವಳ ಮುಂದಿಡುತ್ತಿದ್ದಳು. ಜಡೆವ್ವ ಕಣ್ಣು ಮುಚ್ಚಿ ಹಬೆ ಎಳೆದುಕೊಳ್ಳುತ್ತಿದ್ದಳು. ಅದೇ ಅವಳ ಊಟ.

ಸಂಜೆಯಾದರೆ ಅವಳು ದನದ ಸಂತೆಯ ಹಿಂದಿನ ಓಣಿಗೆ ಹೋಗಿ ನಿಲ್ಲುತ್ತಿದ್ದಳು. ಯಾರೂ ಕಳಿಸಿದ್ದಲ್ಲ. ಊದುಬತ್ತಿ ಕಾರ್ಖಾನೆ ಬಿಟ್ಟ ಹೆಂಗಸರು ಬಸ್ಸಿಗೆ ಹೋಗಲು ಅದೊಂದೇ ದಾರಿ. ಓಣಿಯ ಬಾಯಲ್ಲಿ ಪಾನ್ ಅಂಗಡಿ, ಪಕ್ಕದಲ್ಲಿ ಕಟ್ಟೆ, ಕಟ್ಟೆಯ ತುಂಬ ಗಂಡಸರು. ಅವರು ಮೈ ಮುಟ್ಟುತ್ತಿರಲಿಲ್ಲ, ಮಾತು ಎಸೆಯುತ್ತಿದ್ದರು. ಮೆಹಬೂಬಿ ಎಂಬ ಹೆಂಗಸು ಕಾರ್ಖಾನೆಯಲ್ಲಿ ಎಲ್ಲರಿಗಿಂತ ಬಿರುಸಾಗಿ ಕಡ್ಡಿ ಹೊಸೆಯುತ್ತಿದ್ದವಳು, ಆ ಮಾತುಗಳನ್ನು ಕೇಳಲಾರದೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ಗಂಡನಿಗೆ ಕಾರಣ ಹೇಳಿರಲಿಲ್ಲ. ಬೆನ್ನು ನೋವು ಎಂದಿದ್ದಳಂತೆ.

ಕಟ್ಟೆಯ ಮೇಲೆ ಎಲ್ಲರಿಗಿಂತ ಜೋರು ಬಾಯಿ ಈರಭದ್ರನದು. ಎಣ್ಣೆ ಗಿರಣಿಯ ಫಾಲಾಕ್ಷಪ್ಪನವರ ತಮ್ಮ. ಫಾಲಾಕ್ಷಪ್ಪನವರು ಪ್ರಶಸ್ತಿ ಸಮಿತಿಯ ಅಧ್ಯಕ್ಷರು. ಒಂದು ಸಂಜೆ ಜಡೆವ್ವ ಈರಭದ್ರನ ಎದುರಿಗೆ ನಿಂತು ನೋಡಿದಳು. ಅಷ್ಟೇ. ಮರುದಿನದಿಂದ ಅವನು ಕಿವಿಗೆ ಹತ್ತಿ ತುರುಕಿಕೊಂಡು ತಿರುಗತೊಡಗಿದ. ಮಾತು ಒಳಗಿರುವಾಗ ಹತ್ತಿ ಏನು ಮಾಡೀತು? ಕಟ್ಟೆ ಖಾಲಿಯಾಯಿತು. ಸುದ್ದಿ ಕೇಳಿದ ಮೆಹಬೂಬಿ ಬುರ್ಖಾ ಏರಿಸಿಕೊಂಡು ನೇರ ಕಾರ್ಖಾನೆಗೆ ಹೋಗಿ ತನ್ನ ಹಳೆಯ ಮಣೆಯ ಮೇಲೆ ಕೂತಳು. ಅಂದಿನಿಂದ ಅವಳೂ ಚಂಪಕ್ಕನೂ ಅಕ್ಕತಂಗಿಯರ ಹಾಗಾದರು.

ಹೀಗೆ ವರ್ಷ ತಿರುಗಿ ಬಂತು. ಸಮಾರಂಭ ಹತ್ತಿರವಿರುವಾಗ ಒಂದು ಮಧ್ಯಾಹ್ನ ಫಾಲಾಕ್ಷಪ್ಪನವರು ಚಂಪಕ್ಕನ ಮನೆಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ, ಯಾರನ್ನೂ ಏಕವಚನದಲ್ಲಿ ಮಾತಾಡಿಸುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತು, ನೀರು ಕುಡಿದು ಮಾತಿಗೆ ತೊಡಗಿದರು. ಜಡೆವ್ವ ಹಿತ್ತಲಲ್ಲಿ ಡಬ್ಬಿ ತೊಳೆಯುತ್ತಿದ್ದಳು. ಅವರು ಆ ಕಡೆಗೆ ಬೆನ್ನು ಮಾಡಿಯೇ ಕೂತಿದ್ದರು.

“ಚಂಪಕ್ಕಾರ, ಈ ವರ್ಷದಿಂದ ಹೆದರಿಕಿ ವಿಭಾಗ ತಗದು ಹಾಕೇವ್ರಿ. ಮಂದಿಗೆ ಸಂತೋಷ ಬೇಕು. ಸಾಕಾತು ಹೆದರಿ ಹೆದರಿ.”

“ಯಾರು ಹೆದರ್ಯಾರ್ರಿ?”

ಅವರು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. “ವಿಭಾಗ ಹೋತು ಅಂದ್ರ ನಿಮ್ಮಾಕಿನೂ ಪರದೆ ಹೊಕ್ಕು ಹೋಗಬೇಕಾಗ್ತದ. ನನಗೂ ಕೆಡಕ ಅನಸ್ತದ. ನೀವು ಒಬ್ಬರ ಇರೋರು, ಒಂದು ಜೋಡಿ ಆಗಿತ್ತು. ಅದಕ್ಕ ಒಂದು ದಾರಿ ಹುಡುಕೇನಿ. ಚಿತ್ರಕಥೆ ವಿಭಾಗದಾಗ ಅಕಿ ಹೆಸರು ಕೂಗ್ತೇವಿ. ಅಕಿ ಇಲ್ಲೇ ಇರ್ತಾಳ, ನಿಮ್ಮ ಮನ್ಯಾಗ. ಆದ್ರ ನೀವು ಅಕಿಗೊಂದು ಬಾಯಿ ಬರೀಬೇಕು.”

“ಬಾಯಿ?”

“ನಗೂ ಬಾಯಿ. ಸಣ್ಣದು ಸಾಕು. ನೋಡಿದವರಿಗೆ ಛಲೋ ಅನಿಸಬೇಕು, ಅಷ್ಟ. ಅಕಿಗೂ ಒಂದು ತುತ್ತು ಅನ್ನ ಉಣ್ಣಾಕ ಬರ್ತದಲ್ರಿ.”

ಚಂಪಕ್ಕ ಎನ್ನುವವಳು ಯಾರ ಮಾತಿಗೂ ತಟ್ಟನೆ ಎದುರು ಮಾತು ಕೊಡುವವಳು. ಅಂದು ಕೊಡಲಿಲ್ಲ. ಯಾಕೆಂದರೆ ಫಾಲಾಕ್ಷಪ್ಪನವರು ಹೇಳಿದ್ದು ಸುಳ್ಳಾಗಿರಲಿಲ್ಲ. ಚಂಪಕ್ಕ ಹಾಳೆಯ ಮೇಲೆ ಏನು ಬರೆದರೂ ಜಡೆವ್ವ ಹಾಗೆಯೇ ಆಗುತ್ತಿದ್ದಳು. ಒಮ್ಮೆ ಸೀರೆಗೆ ಅಂಚು ಬರೆದಾಗ ಮರುಗಳಿಗೆ ಅವಳ ಸೀರೆಗೆ ಅಂಚು ಬಂದಿತ್ತು. ಬಾಯಿ ಬರೆದರೆ ಬಾಯಿ ಬರುತ್ತಿತ್ತು. ಅವಳು ಉಣ್ಣುತ್ತಿದ್ದಳು, ಮಾತಾಡುತ್ತಿದ್ದಳು, ಅಕ್ಕಾ ಎಂದು ಕರೆಯುತ್ತಿದ್ದಳೋ ಏನೋ. ಆದರೆ ನಗುವ ಬಾಯಿ ಇಟ್ಟುಕೊಂಡು ಓಣಿಯಲ್ಲಿ ನಿಂತರೆ ಅವಳನ್ನು ನೋಡಿ ಯಾರಿಗೆ ಏನು ಕೇಳಿಸೀತು?

“ವಿಚಾರ ಮಾಡ್ತೇನ್ರಿ,” ಎಂದಳು. ಫಾಲಾಕ್ಷಪ್ಪನವರು ಕೈ ಮುಗಿದು, ಬಂದಷ್ಟೇ ಮೆತ್ತಗೆ ಹೋದರು.

ಅವಳು ವಿಚಾರ ಮಾಡಿದ್ದು ನಿಜ. ಹಾಳೆ ಹಾಸಿದಳು, ಕುಂಚ ಅದ್ದಿದಳು, ಒಣಗಿಸಿದಳು, ಮತ್ತೆ ಅದ್ದಿದಳು. ಮರುದಿನ ಕಾರ್ಖಾನೆಯ ರಜೆ. ಮೆಹಬೂಬಿ ಬಂದಾಗ ಚಂಪಕ್ಕ ಹಾಳೆಯ ಮುಂದೆ ಹಾಗೇ ಕೂತಿದ್ದಳು. ಹಾಳೆಯಲ್ಲಿ ಜಡೆವ್ವನ ಮುಖ ಪೂರ್ತಿ ಮೂಡಿತ್ತು, ಮೂಗಿನ ಕೆಳಗೆ ಮಾತ್ರ ಬಿಳಿ.

“ಒಬ್ಬಾಕಿನ ಇರೂದು ನನಗ ರೂಢಿ ಇತ್ತು ತಂಗಿ,” ಎಂದಳು ಚಂಪಕ್ಕ. “ಈಗ ಅದು ತಪ್ಪಿಹೋಗೇತಿ. ಮನಿಗೆ ಬಂದ್ರ ಒಳಗ ಯಾರೋ ಅದಾರ ಅಂತ ಗೊತ್ತಾಗೂದು ಎಷ್ಟು ಛಲೋ ಇರ್ತದ ಗೊತ್ತೇನು? ಒಂದು ಗೆರಿ ಎಳದ್ರ ಅಕಿ ಉಳೀತಾಳ. ಒಂದ ಗೆರಿ.”

ಮೆಹಬೂಬಿ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿ ನೋಡಿದಳು. “ಅಕ್ಕಾ, ಅವರು ಏನಂದ್ರೂ ನಕ್ಕೋತ ಸುಮ್ಮನ ಹೋಗವ್ರು ನಾವೆಲ್ಲಾ ಇದ್ದೇವಲ್ಲ, ಊರ ತುಂಬ. ಇನ್ನೊಬ್ಬಾಕಿ ಯಾಕ ಬೇಕು?”

ಚಂಪಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಜಡೆವ್ವ ನಿಂತಿದ್ದಳು. ಅವಳು ಒಳಗೆ ಬಂದು ಹಾಳೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಹಾಳೆಯಲ್ಲಿದ್ದ ತನ್ನದೇ ಮುಖದ ಮೇಲೆ, ಬಾಯಿ ಬರಬೇಕಾದ ಜಾಗದಲ್ಲಿ ಬೆರಳಾಡಿಸಿದಳು. ಆಮೇಲೆ ಚಂಪಕ್ಕನ ಕೈಯಿಂದ ಕುಂಚ ತೆಗೆದುಕೊಂಡು ಹೋಗಿ ತೊಳೆದು, ಒರೆಸಿ, ಡಬ್ಬಿಯಲ್ಲಿ ನಿಲ್ಲಿಸಿದಳು.

“ಆತು ಬಿಡು,” ಎಂದು ಚಂಪಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನೀ ಹೇಳಿದಂಗ ಆಗಲಿ.”

ಸಮಾರಂಭದ ದಿನ ಪುರಭವನಕ್ಕೆ ಸುಣ್ಣ ಬಣ್ಣ ಬಳಿದಿದ್ದರು. ಹೊಸ ಬ್ಯಾನರ್ ಕಟ್ಟಿದ್ದರು. ಅದರ ಮೇಲೆ ಸೂರ್ಯ, ಹೂವು, ಹಾರುವ ಪಾರಿವಾಳ. ಬೆರಗಿನ ವಿಭಾಗದಲ್ಲಿ ಪಂಚರಂಗಿ ಗಿಳಿಯೊಂದಕ್ಕೆ ಪ್ರಶಸ್ತಿ ಬಂತು. ಸಭೆ ಬಾ ಎಂದಿತು. ಪರದೆಯ ಹಿಂದಿನಿಂದ ಕುರಿಮರಿಯಷ್ಟು ದೊಡ್ಡ ಗಿಳಿ ನಡೆದುಬಂದು “ಎಲ್ಲಾ ಛಲೋ ಆಗ್ತದ, ಎಲ್ಲಾ ಛಲೋ ಆಗ್ತದ” ಎಂದಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದೆ ಗೋಡೆಗೆ ಒರಗಿ ಊದುಬತ್ತಿ ಕಾರ್ಖಾನೆಯ ಹೆಂಗಸರು ನಿಂತಿದ್ದರು. ಅವರು ಬಂದಾಗಿನಿಂದ ಇಡೀ ಸಭಾಂಗಣ ದೇವರಮನೆಯ ಹಾಗೆ ಘಮಘಮಿಸುತ್ತಿತ್ತು. ಎಡಗಡೆಯ ಪರದೆಯ ಪಕ್ಕ ಜಡೆವ್ವ ಜಡೆಯನ್ನು ಕೈಗೆ ಸುತ್ತಿಕೊಂಡು, ಹೊರಡಲು ಸಿದ್ಧವಾಗಿ ನಿಂತಿದ್ದಳು.

ಚಿತ್ರಕಥೆಯ ಸರದಿ ಬಂತು. ಫಾಲಾಕ್ಷಪ್ಪನವರು ಚಂಪಕ್ಕನನ್ನು ವೇದಿಕೆಗೆ ಕರೆದರು. ಅವಳ ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆಯಿತ್ತು. ಅವರಿಗೆ ಖುಷಿಯಾಯಿತು. “ನಮ್ಮ ಕಲಾವಿದರು ಊರಿನ ಮಾತಿಗೆ ಬೆಲೆ ಕೊಟ್ಟು ಹೊಸ ಚಿತ್ರ ತಂದಾರ,” ಎಂದು ಹೇಳುತ್ತ ತಾವೇ ಒಂದು ತುದಿ ಹಿಡಿದು ಸುರುಳಿ ಬಿಡಿಸಿದರು.

ಜಡೆವ್ವ ಇದ್ದಳು, ಆಳೆತ್ತರ. ಬೂದಿ ಸೀರೆ, ಜಡೆ, ಕಣ್ಣು. ಬಾಯಿ ಇರಲಿಲ್ಲ.

“ಇದೇನ್ರಿ ಇದು?” ಎಂದು ಅವರು ಪಿಸುಗುಟ್ಟಿದರು. ನನ್ನ ಮೈಕ್ ಒಳ್ಳೆಯದು. ಪಿಸುಮಾತು ಕೊನೆಯ ಸಾಲಿನವರೆಗೂ ಹೋಯಿತು.

“ಅಕಿನರಿ,” ಎಂದಳು ಚಂಪಕ್ಕ.

“ಹಂಗಾರ ಈ ಪ್ರಶಸ್ತಿ ಕೊಡಾಕ ಬರೂದಿಲ್ಲ.”

“ಬ್ಯಾಡ್ರಿ. ಅದನ್ನ ನಿಮ್ಮ ಕಡೇನ ಇಟ್ಕೋರಿ.” ಅವಳು ಹಾಳೆಯನ್ನು ಅವರ ಕೈಯಲ್ಲೇ ಬಿಟ್ಟು ಮೈಕಿನ ಮುಂದೆ ಬಂದಳು. ಬೋರ್ಡು ಬರೆಯುವ ಹೆಂಗಸು, ಸಭೆಯಲ್ಲಿ ಮಾತಾಡಿದವಳಲ್ಲ. ಏಣಿ ಹಿಡಿಯುವ ಹಾಗೆ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಹೆದರಿಕಿ ಬ್ಯಾಡಂತ ಸಮಿತಿಯವ್ರು ಹೇಳ್ಯಾರ. ಈ ಊರಾಗ ಹೆದರಿಕಿ ಮೊದಲೂ ಇತ್ತು. ಆದ್ರ ಒಂದ ಕಡೆ ಇತ್ತು. ಓಣ್ಯಾಗ ತಲಿ ತಗ್ಗಿಸಿ ಓಡಿ ಹೋಗೋರ ಕಡೆ ಇತ್ತು. ಆಗ ಯಾರೂ ಅದನ್ನ ತಗದು ಹಾಕಾಕ ಬರಲಿಲ್ಲ. ಈಗ ಕಟ್ಟಿ ಮ್ಯಾಲೆ ಕೂತವ್ರಿಗೆ ಹತ್ತೇತಿ, ಅದಕ್ಕ ವಿಭಾಗ ರದ್ದು. ನೀವು ರದ್ದು ಮಾಡ್ರಿ. ಆ ವಿಭಾಗದ ಹೆಸರು ನಾ ಕೂಗ್ತೇನಿ.”

ಫಾಲಾಕ್ಷಪ್ಪನವರು ನನ್ನ ಕಡೆ ನೋಡಿ ಬಂದ್ ಮಾಡಿ ಎಂದು ಕೈ ತಿರುಗಿಸಿದರು. ನಾನೂ ಗುಂಡಿ ತಿರುಗಿಸಿದೆ, ಇನ್ನೊಂದು ಕಡೆಗೆ. ಗೋಡೆಗಳು ಗುಂಯ್‌ಗುಟ್ಟಿದವು. ಅಷ್ಟರಲ್ಲಿ ಈರಭದ್ರ ಓಡಿಬಂದು ವೈರನ್ನೇ ಕಿತ್ತು ಎಸೆದ.

ಮೈಕ್ ಸತ್ತಿತು. ಚಂಪಕ್ಕ ಅದನ್ನು ಪಕ್ಕಕ್ಕೆ ಸರಿಸಿ ವೇದಿಕೆಯ ಅಂಚಿಗೆ ಬಂದು ನಿಂತು ಕೂಗಿದಳು.

“ಬಾಯಿಲ್ಲದಾಕಿ!”

ಯಾರೂ ‘ಬಾ’ ಎನ್ನಲಿಲ್ಲ. ಮುಂದಿನ ಸಾಲಿನವರು ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಅತ್ತ ಜಡೆವ್ವನ ಒಂದು ಕಾಲು ಆಗಲೇ ಪರದೆಯ ಒಳಗಿತ್ತು. ಸೀರೆಯ ಅಂಚು ಮಸುಕಾಗತೊಡಗಿದ್ದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಚಂಪಕ್ಕ ಮತ್ತೆ ಕೂಗಲಿಲ್ಲ, ಸಭೆಯ ಕಡೆಗೇ ನೋಡುತ್ತ ನಿಂತಳು.

“ಬಾ,” ಎಂದಳು ಮೆಹಬೂಬಿ. ಗೋಡೆಗೆ ಒರಗಿದ್ದವಳು ಮುಂದೆ ಬಂದು, ನಡುದಾರಿಯಲ್ಲಿ ನಿಂತು, ಮುಖದ ಮೇಲಿನ ಪರದೆ ಹಿಂದಕ್ಕೆ ಸರಿಸಿ, ಇನ್ನೊಮ್ಮೆ ಅಂದಳು. “ಬಾರವಾ!”

ಅವಳ ಪಕ್ಕದವಳು ಅಂದಳು. ಅವಳ ಪಕ್ಕದವಳೂ ಅಂದಳು. ಆಮೇಲೆ ಯಾರು ಅಂದರು ಯಾರು ಬಿಟ್ಟರು ಹೇಳಲು ಬರುವುದಿಲ್ಲ. ಕಾರ್ಖಾನೆಯವರು, ಹೂವಿನವಳು, ಶಾಲೆಯ ಹುಡುಗಿಯರು, ಅವರ ತಾಯಂದಿರು. ಮೆಹಬೂಬಿಯ ಗಂಡ ಕಿಟಕಿಯ ಹತ್ತಿರ ನಿಂತಿದ್ದ. ಹೆಂಡತಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ, ಆಮೇಲೆ ಅವನೂ ಅಂದ. ಎಲ್ಲರೂ ಅನ್ನಲಿಲ್ಲ. ಕುರ್ಚಿಗಳ ಮೇಲಿದ್ದವರಲ್ಲಿ ಬಹಳ ಮಂದಿ ತುಟಿ ಬಿಗಿದುಕೊಂಡೇ ಕೂತಿದ್ದರು. ಆದರೂ ಸಾಕಾಯಿತು. ಜಡೆವ್ವ ಪರದೆಯ ಒಳಗಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಮಸುಕಾಗಿದ್ದ ಅಂಚು ಮತ್ತೆ ಬಣ್ಣಕ್ಕೆ ತಿರುಗಿತು.

“ಇದು ಲೆಕ್ಕಕ್ಕಿಲ್ಲ!” ಫಾಲಾಕ್ಷಪ್ಪನವರ ಧ್ವನಿ ಅಷ್ಟು ಏರಿದ್ದನ್ನು ಊರು ಅದೇ ಮೊದಲು ಕೇಳಿದ್ದು. “ಸಮಿತಿ ಒಪ್ಪಿಲ್ಲ.”

“ಸಭಾ ಒಪ್ಪೇತಿ. ಅಕಿನೂ ಒಪ್ಯಾಳ,” ಎಂದಳು ಚಂಪಕ್ಕ. “ಸಮಿತಿಗೆ ಬ್ಯಾಡಾಗಿದ್ರ ಸಮಿತಿ ಮನಿಗೆ ಹೋಗ್ಲಿ.”

ಜಡೆವ್ವ ವೇದಿಕೆ ಹತ್ತಿದಳು. ಇಡೀ ಸಭೆ ಅವಳನ್ನು ನೋಡುತ್ತಿತ್ತು. ಫಾಲಾಕ್ಷಪ್ಪನವರು ಮಾತ್ರ ಆಳೆತ್ತರದ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಹಾಗೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೆಟ್ಟಿಲು ಇಳಿದು ಹೋದರು.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಸಮಿತಿಯವರು ಪುರಭವನಕ್ಕೆ ಚಂಪಕ್ಕ ಕಾಲಿಡಬಾರದೆಂದು ಠರಾವು ಮಾಡಿದರು. ನನ್ನ ಮೈಕ್ ಸೆಟ್ಟನ್ನೂ ಹೊರಗೆ ಹಾಕಿದರು. ವಾರಪತ್ರಿಕೆ ಅವಳ ಚಿತ್ರಕಥೆ ನಿಲ್ಲಿಸಿ ಆ ಜಾಗದಲ್ಲಿ ಹೊಸ ರುಚಿಯ ಅಡುಗೆಗಳನ್ನು ಹಾಕತೊಡಗಿತು. ಪೇಟೆಯ ದೊಡ್ಡ ಅಂಗಡಿಗಳವರು ಬೋರ್ಡುಗಳನ್ನು ಬೇರೆ ಕಡೆ ಬರೆಸಿದರು. ಗಿಳಿಯನ್ನು ಫಾಲಾಕ್ಷಪ್ಪನವರು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಬೆಳಗಿನಿಂದ ಸಂಜೆಯವರೆಗೆ ಎಲ್ಲಾ ಛಲೋ ಆಗ್ತದ ಎನ್ನುವುದನ್ನು ಕೇಳಿ ಕೇಳಿ ಅವರ ಹೆಂಡತಿ ತವರಿಗೆ ಹೋಗಿ ಬಹಳ ದಿನ ಬರಲಿಲ್ಲವಂತೆ.

ಚಂಪಕ್ಕ ಕೆಲಸವಿಲ್ಲದೆ ಸುಮ್ಮನೆ ಕೂಡುವ ಜೀವವಲ್ಲ. ದನದ ಸಂತೆಯ ಹಿಂದಿನ ಓಣಿಯಲ್ಲಿ ಉದ್ದಕ್ಕೂ ಒಂದು ಗೋಡೆಯಿದೆ. ಉಳಿದ ಬಣ್ಣದ ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಪತ್ರಿಕೆಯಲ್ಲಿ ನಿಂತಲ್ಲಿಂದ ಕಥೆಯನ್ನು ಆ ಗೋಡೆಯ ಮೇಲೆ ಶುರು ಮಾಡಿದಳು. ಜಡೆವ್ವ ಏಣಿ ಹಿಡಿದಳು. ಕಾರ್ಖಾನೆ ಬಿಟ್ಟ ಹೆಂಗಸರು ಅಂದಂದಿನ ಚಿತ್ರ ನೋಡಲು ನಿಲ್ಲುತ್ತಿದ್ದರು. ಖಾಲಿ ಬಿದ್ದಿದ್ದ ಕಟ್ಟೆಯ ಮೇಲೆ ಈಗ ಅವರೇ ಕೂಡುತ್ತಿದ್ದರು, ಕಾಲು ಚಾಚಿಕೊಂಡು, ಜೋರಾಗಿ ಮಾತಾಡಿಕೊಂಡು. ಪಾನ್ ಅಂಗಡಿಯವನು ಚಹಾ ಮಾರಲು ಶುರು ಮಾಡಿದ.

ಗೋಡೆ ಪುರಸಭೆಯದು. ಸಮಿತಿಯವರು ದೂರು ಕೊಟ್ಟರು. ಒಂದು ಬೆಳಿಗ್ಗೆ ಅಲ್ಲಿಯ ನೌಕರನೊಬ್ಬ ತಗಡಿನ ಬೋರ್ಡು ತಂದು ಗೋಡೆಯ ನಡುವಿನಲ್ಲಿ ಮೊಳೆ ಹೊಡೆದು ಹೋದ. ‘ಇಲ್ಲಿ ಚಿತ್ರ ಬರೆಯಬಾರದು’ ಎಂದಿತ್ತು. ಚಂಪಕ್ಕ ಬಂದು, ಸೊಂಟದ ಮೇಲೆ ಕೈಯಿಟ್ಟು, ಅದನ್ನು ಮೇಲಿನಿಂದ ಕೆಳಗೆ ನೋಡಿದಳು. ತೆಗೆಯಲಿಲ್ಲ, ಮುಟ್ಟಲೂ ಇಲ್ಲ. ಅದರ ಸುತ್ತ ಬರೆಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಎರಡಾಳೆತ್ತರದ ಜಡೆವ್ವ ನಿಂತಿದ್ದಳು. ಆ ತಗಡಿನ ಬೋರ್ಡನ್ನು ಎಡಗೈಯಲ್ಲಿ ಹಿಡಿದು, ಮಗು ಬರೆದ ತಪ್ಪು ಲೆಕ್ಕ ನೋಡುವವಳ ಹಾಗೆ ಅದನ್ನು ನೋಡುತ್ತಿದ್ದಳು.

ಸುದ್ದಿ ತಿಳಿದು ನೌಕರ ಓಡಿಬಂದ. ಓಣಿಯಲ್ಲಿ ಜನ ಸೇರಿದ್ದರು, ಮೆಹಬೂಬಿ ಬಿದ್ದು ಬಿದ್ದು ನಗುತ್ತಿದ್ದಳು. ಅವನು ಬೋರ್ಡು ಕೀಳಲು ಕೈಯೆತ್ತಿದ. ಕಿತ್ತರೆ ಗೋಡೆಯಲ್ಲಿ ಉಳಿಯುವುದು ಜಡೆವ್ವನ ಚಾಚಿದ ಕೈ, ಅದು ಊರಿನವರ ಮುಂದೆ ಏನನ್ನೋ ಕೇಳುತ್ತ ನಿಂತ ಹಾಗೆ ಕಾಣುತ್ತದೆ. ಬಿಟ್ಟರೆ ಹೀಗೆ. ತಲೆ ಕೆರೆದುಕೊಂಡ.

“ಚಂಪಕ್ಕಾರ, ಈಗ ನಾ ಮ್ಯಾಲಿನವ್ರಿಗೆ ಏನಂತ ಹೇಳ್ಲಿ?”

ಚಂಪಕ್ಕ ಏಣಿಯ ಮೇಲಿಂದ ಇಳಿಯಲಿಲ್ಲ. ಕುಂಚವನ್ನು ಬಣ್ಣದಲ್ಲಿ ಅದ್ದುತ್ತ ಹೇಳಿದಳು:

“ಇನ್ನೊಂದು ಬೋರ್ಡು ಕಳಸಾಕ ಹೇಳಪಾ. ಅಕಿ ಬಲಗೈ ಖಾಲಿ ಐತಿ.”